ಉರ್ದು ಐದು

ದಸ್ತಗಿರಿಯ ಮುಖ ಹೇಗಿತ್ತು ಅಂತ ನನ್ನ ಕೇಳಬೇಡಿ.
ಏಳು ವರ್ಷ ನಾನು ನೋಡಿದ್ದು ಅವನ ಬೆನ್ನು.
ಗೋಲ್‌ಕೀಪರನ ಪಾಲಿಗೆ ಬರುವುದೇ ಅದು:
ಎರಡು ಹೆಗಲಮೂಳೆ, ನಡುವೆ ಬೆವರಿನ ಕಾಲುವೆ,
ಕೂದಲು ಮುಗಿದು ಕತ್ತು ಶುರುವಾಗುವಲ್ಲಿ
ಹಳೆಯ ಹುಣ್ಣಿನ ಕಲೆ.

ಕೌಲ್‌ಬಜಾರಿನ ಮೈದಾನದಲ್ಲಿ ಹುಲ್ಲಿರಲಿಲ್ಲ.
ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲು.
ಅದಿರಿನ ಲಾರಿ ಹೋದರೆ ಆಟಕ್ಕೆ ಒಂದು ನಿಮಿಷ ಬಿಡುವು,
ಧೂಳು ಕೂತ ಮೇಲೆ
ಅವರವರ ಕಾಲು ಅವರವರಿಗೆ ಸಿಗುತ್ತಿತ್ತು.

ಅವನಕ್ಕ ಮೆಹಬೂಬಿ ಜೀನ್ಸ್ ಹೊಲಿಯುವವಳು.
ಕಾರ್ಖಾನೆಯ ಚೂರು ಬಟ್ಟೆ ತಂದು
ಐದನೇ ನಂಬರು ಕತ್ತರಿಸಿ ಬನಿಯನ್ನಿಗೆ ಹಚ್ಚಿದಳು.
ಕಲಿತದ್ದು ಉರ್ದು ಶಾಲೆ, ನಾಲ್ಕನೇ ಕ್ಲಾಸು.
ಅವಳಿಗೆ ಗೊತ್ತಿದ್ದ ಐದು ಅದೇ,
ತುದಿ ಮೇಲಾದ ವೀಳ್ಯದೆಲೆ.
ಗುಂತಕಲ್ಲಿನ ರೆಫರಿ ಸೀಟಿ ಬಾಯಿಂದ ತೆಗೆದು
'ಇದೇನಯ್ಯಾ, ಪಾನ್ ಅಂಗಡಿಯಾ?' ಎಂದ.
ಮೈದಾನವೆಲ್ಲ ನಕ್ಕಿತು. ಬೆನ್ನು ನಗಲಿಲ್ಲ.
ಮೊದಲರ್ಧ ಮುಗಿಯುವಷ್ಟರಲ್ಲಿ ಬೆವರಿಗೆ ನೀಲಿ ಬಿಟ್ಟು
ಎಲೆಗೊಂದು ತೊಟ್ಟು ಮೂಡಿತ್ತು, ಸೊಂಟದ ತನಕ.

ಆಟ ಬರುತ್ತಿತ್ತೇ ಅವನಿಗೆ? ಹೇಳಲಾರೆ.
ಡ್ರಿಬ್ಲಿಂಗ್ ಇಲ್ಲ, ಹೆಡರ್ ಅಷ್ಟಕ್ಕಷ್ಟೆ.
ಒಂದೇ ವಿದ್ಯೆ: ಎದುರಾಳಿ ಎಲ್ಲಿಗೆ ಬರಬೇಕೆಂದುಕೊಂಡಿದ್ದನೋ
ಅಲ್ಲಿ ಇವನು ಮೊದಲೇ ನಿಂತಿರುತ್ತಿದ್ದ,
ರೇಷನ್ ಅಂಗಡಿ ಮುಂದೆ
ಬೆಳಗಿನ ನಾಲ್ಕಕ್ಕೇ ಹೋಗಿ ನಿಂತವನ ಹಾಗೆ.
ನಾನು ಹಿಂದಿನಿಂದ ಕೂಗುತ್ತಿದ್ದೆ, 'ಎಡಕ್ಕೆ ಲೇ, ಎಡಕ್ಕೆ!'
ತಿರುಗಿ ನೋಡದೆ ಎಡಕ್ಕೆ ಸರಿಯುತ್ತಿತ್ತು ಬೆನ್ನು.
ಎಷ್ಟೋ ಮ್ಯಾಚು ನಾನು ಅಂಗಿ ಮಾಸದೆ ಮನೆಗೆ ಹೋದೆ.
ಅವ್ವ ಕೇಳುವಳು, 'ಆಡಲೇ ಇಲ್ಲೇನು?'

ಹತ್ತೊಂಬತ್ತಕ್ಕೆ ಕೊಲ್ಕತ್ತಾ. ಆಮೇಲೆ ಗೋವಾ,
ಆಮೇಲೆ ಕೇರಳದ ಯಾವುದೋ ಕ್ಲಬ್ಬಿನ ಬೆಂಚು.
ಬೆನ್ನಿಗೆ ಅಚ್ಚು ಹಾಕಿದ ಇಪ್ಪತ್ತೇಳು.
ನಾನು ಕಟಿಂಗ್ ಮೇಜಿಗೆ ಮೊಬೈಲು ಒರಗಿಸಿ
ನಲವತ್ತು ಪದರ ಬಟ್ಟೆಯ ಮೇಲೆ ಕಟರ್ ಓಡಿಸುತ್ತ ನೋಡುತ್ತಿದ್ದೆ.
ಕ್ಯಾಮೆರಾಕ್ಕೆ ಗೋಲು ಹೊಡೆದವನ ಮುಖ ಬೇಕು,
ಗೋಲು ತಿಂದ ಕೀಪರನ ಮುಖ ಬೇಕು.
ಇಪ್ಪತ್ತೇಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ
ದಾಟಿ ಹೋಗುವುದು, ಅಷ್ಟೇ.
ಅವನಿಗೆ ಯಾರು ಹೇಳುತ್ತಾರೆ ಎಡಕ್ಕೆ ಅಂತ,
ಯಾವ ಭಾಷೆಯಲ್ಲಿ?

ಪೇಪರಿನಲ್ಲಿ ಅವನ ಹೆಸರು ಬಂದದ್ದು ಒಮ್ಮೆ.
ಸೆಮಿಫೈನಲ್ಲು, ಎಂಬತ್ತೆಂಟನೇ ನಿಮಿಷ,
ಮೊಣಕಾಲಿಗೆ ತಗುಲಿದ ಚೆಂಡು ತಮ್ಮದೇ ಬಲೆಗೆ.
ಮೆಹಬೂಬಿ ನನ್ನ ಕೈಲಿ ಓದಿಸಿಕೊಂಡಳು.
'ದಸ್ತಗಿರಿ, ಸ್ವಂತ ಗೋಲು.'
'ಸ್ವಂತದ್ದು ಅಂದ್ರೆ ಒಳ್ಳೇದೇ ಅಲ್ವೇನೋ ಹೊನ್ನೂರ?' ಅಂದಳು
ಬಾಡಿಗೆ ಮನೆಯ ಹೊಸ್ತಿಲಲ್ಲಿ ಕೂತವಳು.
ಹೌದಕ್ಕ, ಅಂದೆ.
ಕತ್ತರಿಸಿ ಮಿಷನ್ನಿನ ಮೈಗೆ ಅಂಟಿಸಿದಳು. ಇನ್ನೂ ಇದೆ.
ಎಣ್ಣೆ ಹತ್ತಿ, ಆಚೆ ಬದಿಯ ಸಿಮೆಂಟಿನ ಜಾಹೀರಾತು
ಅವನ ಹೆಸರಿನೊಳಗೆ ಇಣುಕುತ್ತಿದೆ.

ಮೂವತ್ತೊಂದಕ್ಕೆ ವಾಪಸ್ಸು ಬಂದ.
ಎಡ ಮೊಣಕಾಲಲ್ಲಿ ಎರಡು ಹೊಲಿಗೆ,
ಅಕ್ಕ ನೋಡಿ 'ಎಳೆ ಸೊಟ್ಟ ಹೋಗಿದೆ' ಅಂದಳು.
ಐದು ತಿಂಗಳ ಸಂಬಳ ಕೊನೆಗೂ ಬರಲಿಲ್ಲ.
ಈಗ ವಾಷಿಂಗ್ ಯೂನಿಟ್ಟಿನಲ್ಲಿ ರಾತ್ರಿ ಪಾಳಿ,
ಮೊಣಕೈ ತನಕ ನೀಲಿ.

ಭಾನುವಾರ ನಾವೂ ಆಡುತ್ತೇವೆ, ಹುಡುಗರು ಬಿಟ್ಟುಕೊಟ್ಟಾಗ.
ಅವನು ಓಡಲಾರ. ಹಾಗಾಗಿ ಗೋಲಿಗೆ ಅವನು, ಮುಂದೆ ನಾನು.
ಮೊನ್ನೆ ಕೋಟೆಗುಡ್ಡದ ನೆರಳು ಚಪ್ಪಲಿಗಳ ತನಕ ಬಂದಿತ್ತು.
ಯಾವನೋ ಮೀಸೆ ಬಲಿಯದವ ಚೆಂಡು ತಳ್ಳಿಕೊಂಡು ನನ್ನ ಕಡೆಗೇ ಬಂದ.
'ಎಡಕ್ಕೆ ಲೇ ಹೊನ್ನೂರ, ಎಡಕ್ಕೆ!'
ಅವನ ದನಿ ಇಷ್ಟು ಗಟ್ಟಿ ಅಂತ ಗೊತ್ತೇ ಇರಲಿಲ್ಲ.
ಆಗ ಹೊಳೆಯಿತು, ಅವನೀಗ ನೋಡುತ್ತಿರುವುದು
ನನ್ನ ಬೆನ್ನು. ಅಲ್ಲೇನಿದೆಯೋ
ನಾನು ಕಂಡವನಲ್ಲ.

ಸರಿದೆ.