ಬಿಂಬುಳಿ

ಬ್ರಹ್ಮಾವರದ ಲ್ಯಾಬಿನಲ್ಲಿ ಐದನೇ ದಿನ
ಹಾಲುಬಿಳಿ ತಟ್ಟೆಯ ನಡುವೆ ಒಂದು ಚುಕ್ಕಿ,
ಚುಕ್ಕಿಯ ಸುತ್ತ ತಿಳಿಯಾದ ಬಳೆ:
ರಂಜಕ ಕರಗಿದೆ.

ಬಾರ್ಕೂರಿನ ಕಾಡಿಯಕ್ಕನಿಗೆ ಹೇಗೆ ಹೇಳಲಿ?
ನಿಮ್ಮ ಮಜಲುಗದ್ದೆಯ ಕೆಂಪು ಇದೆಯಲ್ಲ,
ಆ ಕಬ್ಬಿಣ, ಹಾಕಿದ ಗೊಬ್ಬರವನ್ನೆಲ್ಲ ಹಿಡಿದು ಕೂತಿದೆ,
ಬೇರು ಬಂದು ತಟ್ಟಿದರೂ ಮುಷ್ಟಿ ಬಿಚ್ಚುವುದಿಲ್ಲ.
ಈ ಜೀವಾಣು ತನ್ನ ಪಾಡಿಗೆ ಉಂಡು
ಒಂದಿಷ್ಟು ಹುಳಿ ಬಿಡುತ್ತದೆ...

"ಬಿಂಬುಳಿ" ಅಂದರು.
"ತಾಮ್ರದ ಹಂಡೆಗೆ ಉಜ್ಜುವುದಿಲ್ವಾ, ಹಾಗೆ."

ಮೂರು ವರ್ಷ ಓದಿದ್ದು ಒಂದು ಕಾಯಿಗೆ ಮುಗಿಯಿತು.

ನೇಜಿಯ ಕಟ್ಟು ಬಿಚ್ಚಿ
ಬೇರುಗಳನ್ನು ಕಪ್ಪು ಬಗ್ಗಡದಲ್ಲಿ ಅದ್ದಿದರು.
ಕೈ ತೊಳೆಯಲು ಬಾಟಲಿ ನೀರು ಕೊಟ್ಟೆ.
ಬೇಡ ಅಂದು
ಗದ್ದೆಗೇ ಇಳಿದು ತೊಳೆದರು,
ಉಗುರ ಸಂದಿಯಲ್ಲಿ ಉಳಿದವರನ್ನೂ
ಒಬ್ಬೊಬ್ಬರಾಗಿ ಕರೆದು ಇಳಿಸುವ ಹಾಗೆ.