ಫ್ಯಾನ್ ಹಾಕಬಾರದ ಕೋಣಿ

ಈ ಕೋಣ್ಯಾಗ ಫ್ಯಾನ್ ಹಾಕೂ ಹಂಗಿಲ್ಲ,
ಮೇ ತಿಂಗಳಾದ್ರೂ, ಕಲಬುರಗಿ ಆದ್ರೂ.
ಗಾಳಿ ತಿರುಗಿದ್ರ ಧೂಳು ತಿರುಗ್ತದ,
ಧೂಳಿನ ಬೆನ್ನ ಮ್ಯಾಲ ಬೂಷ್ಟು ಕುಂತು ಬರ್ತದ.

ನಾ ಜಗದೇವಿ. ಇಲ್ಲಿ ಗಾಜು ತೊಳಿಯಾಕಿ.
ಹದಿನೇಳು ವರ್ಷ ಆತು.
ಹೊಸ ಹುಡುಗ್ರು ಬರ್ತಾರ, ಪಿಪೆಟ್ ಹಿಡೀತಾರ,
ತಾಳಿ ಕಟ್ಟೂ ಮದುಮಗನಂಗ ಕೈ ನಡುಗ್ತಾವ.
ಹೆಬ್ಬೆರಳು ಎರಡು ಕಡಿ ನಿಲ್ಲಬೇಕು:
ಎಳಿಯೂ ಮುಂದ ಮೊದಲನೇ ತಡಿ,
ಬಿಡೂ ಮುಂದ ಎರಡನೇದು.
ನನಗ ಯಾರೂ ಕಲಿಸಿಲ್ಲ. ನೋಡಿ ನೋಡಿ ಬಂದದ.
ಸಾಸಿವಿಯಷ್ಟೂ ಇಲ್ಲದ ಹನಿ,
ಅದರಾಗ ಅರ್ಧ ಚೆಲ್ಲಿದ್ರ ಇಡೀ ದಿನ ಹೋತು.

ಅಂಬಾರಾಯ ಅಫಜಲಪುರ ಕಡಿಯಿಂದ
ಎರಡು ತೊಗರಿ ಗಿಡ ತಂದಾನ, ಬೇರು ಸಮೇತ.
ಒಂದು ನೆಟೆ ಹತ್ತಿ ಒಣಗಿದ್ದು,
ಒಂದು ಅದರ ಬಾಜೂಕೇ ಹಸರಗೆ ನಿಂತಿದ್ದು.
ಒಂದೇ ಸಾಲು, ಒಂದೇ ಕರಿ ಮಣ್ಣು, ಅದೇ ನೀರು.
ಇದು ಯಾಕ ಸತ್ತಿತು, ಅದು ಯಾಕ ಸಾಯಲಿಲ್ಲ?
ಇಷ್ಟು ಕೇಳಲಿಕ್ಕೆ ಈ ಕೋಣಿ, ಈ ಮಷೀನು,
ಕುಕ್ಕರಿನಂಗ ಸೀಟಿ ಹೊಡಿಯೂ ಆ ಡಬ್ಬಿ.

"ಬೀಜ ಹೊಲಕ್ಕ ಹೋಗಲಿಕ್ಕೆ ಹನ್ನೆರಡು ವರ್ಷ ಹಿಡೀಬಹುದು,"
ಖೈರುನ್ನಿಸಾ ಮೇಡಂ ಅಂದ್ರು. "ಹೋಗದೇನೂ ಇರಬಹುದು."
ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ:
"ಇದು ಪರೀಕ್ಷಾಕ್ಕ ಬರ್ತದೇನ್ರಿ?"

ಒಂದಿನ ಸಂಜಿ ಕರೆಂಟ್ ಹೋತು.
ಫ್ರಿಜ್ಜಿನ್ಯಾಗ ಎಂಜೈಮು, ಬಂಗಾರಕ್ಕಿಂತ ತುಟ್ಟಿ.
ನಾ ಸೂಪರ್ ಮಾರ್ಕೆಟ್ಟಿಗೆ ಓಡಿದೆ,
ಕಬ್ಬಿನ ಹಾಲಿನ ಅಂಗಡ್ಯಾಗ
ಗೋಣಿಚೀಲ ಹೊಚ್ಚಿದ ಬರ್ಫ್ ಒಡಿಸ್ಕೊಂಡು,
ಆಟೋದಾಗ ತೊಡಿ ಮ್ಯಾಲ ಇಟ್ಕೊಂಡು ಬಂದೆ.
ಸೀರಿ ತೊಯ್ದಿತ್ತು. ಥರ್ಮಾಕೋಲ್ ಡಬ್ಬಿ ತುಂಬಿತ್ತು.

ಜೆಲ್ ಹಾಕಿದ್ರು. ಏನೂ ಬರಲಿಲ್ಲ.
ಮತ್ತ ಹಾಕಿದ್ರು. ಹೊಗಿಯಂಗ ಒಂದು ಕಲಿ.
ನೀಲಗಂಗಾ ಹೋದ ವರ್ಷದವರ ರೆಕಾರ್ಡು
ಮೆಲ್ಲಕ ತೊಡಿ ಮ್ಯಾಲ ತೆರದಿದ್ದಳು.
ಮೇಡಂ ಬೈಯಲಿಲ್ಲ. ಪೆನ್ನು ಕೊಟ್ಟರು:
"ಬಂದಿಲ್ಲ ಅಂತ ಬರಿ. ತಾರೀಖು ಹಾಕು."
ಆ ಪುಸ್ತಕದಾಗ ನಾಕು ಸಲ ಹಂಗೇ ಅದ,
ಬಂದಿಲ್ಲ, ಬಂದಿಲ್ಲ, ಬಂದಿಲ್ಲ,
ನಾಕನೇದಕ್ಕ ಅಕ್ಷರ ದುಂಡಗ ಆಗ್ಯಾವ.

ಐದನೇ ಸಲ ಅಕೀನೇ ನನ್ನ ಕರದಳು,
"ಜಗದೇವಕ್ಕ, ಕೈ ಒರಸ್ಕೊಂಡು ಬಾ."
ಕತ್ತಲ್ಯಾಗ ನೀಲಿ ಬೆಳಕು.
ಹಸರು ಗಿಡದ ಸಾಲಿನ್ಯಾಗ ಒಂದು ಗೆರಿ,
ಸತ್ತಿದ್ದರ ಸಾಲಿನ್ಯಾಗ ಅಲ್ಲಿ ಖಾಲಿ.
ಶಾವಿಗಿ ಎಳಿಯಷ್ಟು. ಅದೂ ತುಂಡು.
"ಇಷ್ಟೇನಾ?" ಅಂದೆ.
"ಇಷ್ಟೇ," ಅಂದ್ರು ಮೇಡಂ. "ಇನ್ನ ನೂರು ಗಿಡ ನೋಡಬೇಕು."
ಯಾರೂ ಚಪ್ಪಾಳಿ ಹೊಡೀಲಿಲ್ಲ.
ಅಂಬಾರಾಯ ಮಾತ್ರ ಸುಮ್ಮನ ಹೊರಗ ಹೋಗಿ
ನಳದ ಕೆಳಗ ತಲಿ ಹಿಡಿದು ನಿಂತ.

ತಟ್ಟಿ ತೊಳದೆ, ಬಾಚಣಿಕಿ ತೊಳದೆ, ಕೀಲಿ ಹಾಕಿದೆ.
ಮನ್ಯಾಗ ಫ್ಯಾನ್ ಹಚ್ಚಿ ಬ್ಯಾಳಿಗೆ ಒಗ್ಗರಣಿ ಕೊಟ್ಟೆ.
ಆಮ್ಯಾಲ, ಯಾರೂ ನೋಡಲಿಲ್ಲಂತ,
ಒಂದು ಸೌಟು ಎತ್ತಿ
ಬಲ್ಬಿನ ಬೆಳಕಿಗೆ ಹಿಡದು ನೋಡಿದೆ.