ಸಡಿಲ

ಬೆಲ್ಟು ಕಟ್ಟುತ್ತಾಳೆ ಯಾಸ್ನಾ, ಹೊಕ್ಕುಳ ಕೆಳಗೆ,
ಎರಡು ಬೆರಳು ತೂರುವಷ್ಟು ಬಿಟ್ಟು.
ಉಕ್ಕಿನ ಚೌಕಟ್ಟಿನ ಎಂಟು ಮೂಲೆಯಿಂದ ಎಂಟು ಕೇಬಲ್ಲು
ಶಾವಿಗೆಯಷ್ಟು ಸಣ್ಣ.
ಇವೇನು ಹೊರುತ್ತವೆ ನನ್ನ, ಅಂದೆ ಮೊದಲ ದಿನ.
ಹೊರುವುದಿಲ್ಲ ದೋನ್ ನೊಲ್ಬೆರ್ತೊ, ಎಳೆಯುತ್ತವೆ ಅಷ್ಟೆ,
ಹಗ್ಗಕ್ಕೆ ತಳ್ಳಲು ಬರುವುದಿಲ್ಲ.

ನನಗೇ ಹಗ್ಗದ ಪಾಠ!

ಮೂವತ್ತೊಂದು ವರ್ಷ ವಾಲ್ಪರಾಯಿಸೊದ ಗುಡ್ಡದ ನೆತ್ತಿಯಲ್ಲಿ
ಅಸೆನ್ಸೋರ್ ಎಂಬ ಹಳಿಗಾಡಿಯ ಬ್ರೇಕು ಹಿಡಿದವ ನಾನು.
ಒಂದು ಡಬ್ಬಿ ಏರಬೇಕಾದರೆ ಇನ್ನೊಂದು ಇಳಿಯಬೇಕು,
ಇಳಿಯುವವರ ಭಾರವೇ ಏರುವವರ ಪುಣ್ಯ.
ಮೀನಿನ ಬುಟ್ಟಿ, ಮದುವಣಗಿತ್ತಿ, ಗ್ಯಾಸ್ ಸಿಲಿಂಡರು,
ಒಮ್ಮೆ ಒಂದು ಶವಪೆಟ್ಟಿಗೆ, ಓರೆಯಾಗಿ, ಬಾಗಿಲು ಹಾಕಲಾಗದೆ.
ಅದಕ್ಕೂ ಒಂದು ಟಿಕೆಟು ಹರಿದೆ.
ಕೇಬಲ್ಲಿನ ದನಿ ಕೇಳಿಯೇ ಜನರ ಲೆಕ್ಕ ಹೇಳುತ್ತಿದ್ದೆ.
ಭಯ ಒಂದೇ, ಕನಸಿನಲ್ಲೂ ಒಂದೇ:
ಸಡಿಲ.

ಆಗಸ್ಟಿನ ಒಂದು ಬೆಳಿಗ್ಗೆ, ಷೇವಿಂಗ್ ಸೋಪು ಮೆತ್ತಿದ ಮುಖದಲ್ಲಿ,
ನನ್ನ ಬಲಗಡೆ ಎದ್ದು ಬಂತು
ಎಡಗಡೆ ಕೆಳಗಿನ ಸ್ಟೇಷನ್ನಿನಲ್ಲೇ ಉಳಿಯಿತು.

ಈಗ ಟೊಂಕ ಕಟ್ಟಿ ನಿಲ್ಲುವುದೆಂದರೆ ಮಾತಿಗಲ್ಲ.
ಯಂತ್ರ ಸೊಂಟವನ್ನು ಎಡಕ್ಕೆ ಒಯ್ದು ಬಲಕ್ಕೆ ತರುತ್ತದೆ,
ಕ್ವೆಕಾ ಕುಣಿಯಲು ಮಾವನನ್ನು ಕುರ್ಚಿಯಿಂದ ಎಬ್ಬಿಸುವ ಸೊಸೆಯ ಹಾಗೆ,
ನಗುತ್ತ, ಬಿಡದೆ.
ಪಕ್ಕದ ಚೌಕಟ್ಟಿನಲ್ಲಿ ಎದೆಲ್ಮಿರಾ,
ಮಣಿಕಟ್ಟಿಗೆ ಮೂರು ಕೇಬಲ್ಲು,
ಖಾಲಿ ಲೋಟ ತುಟಿಗೆ ಒಯ್ಯುವುದನ್ನು ಕಲಿಯುತ್ತಿದ್ದಾಳೆ.
ಚೆಲ್ಲಲು ನೀರೇ ಇಲ್ಲ, ಆದರೂ ಪ್ರತಿ ಸಲ ಮಡಿಲು ಒರೆಸಿಕೊಳ್ಳುತ್ತಾಳೆ.

ಪರದೆಯ ಮೇಲಿನ ಅಂಕಿ ಯಂತ್ರದ ಪಾಲಿನದು.
ಎಂಬತ್ತು. ಎಪ್ಪತ್ತೇಳು. ಮಳೆ ಬಂದ ದಿನ ಮತ್ತೆ ಎಂಬತ್ತೊಂದು.
ಉಳಿದದ್ದು ನನ್ನದಂತೆ. ನಾನು ನಂಬಿರಲಿಲ್ಲ.

ಇವತ್ತು ಗುರುವಾರ, ಎಡಗಡೆಯ ಮೂರನೆಯ ಕೇಬಲ್ಲು
ಸುಮ್ಮನೆ ಜೋತು ಬಿತ್ತು,
ಬಟ್ಟೆಯಿಲ್ಲದ ಒಣಹಾಕುವ ಹಗ್ಗದಷ್ಟು.
ಎದೆ ಧಸಕ್ಕೆಂದಿತು.
ಬಲಗೈ ಗಾಳಿಯಲ್ಲಿ ಬ್ರೇಕಿಗಾಗಿ ತಡಕಾಡಿತು,
ಹನ್ನೆರಡು ಜನ ಒಳಗಿದ್ದಾರೆ, ಒಂದು ಕೂಸೂ ಇದೆ ಎಂಬಂತೆ.
ಯಾಸ್ನಾ ಕಿರುಚಲಿಲ್ಲ.
ನೋಡಿ, ಅಂದಳು, ಅದು ಎಳೆಯುತ್ತಿಲ್ಲ,
ನಿಮ್ಮ ಹಿಂದೆ ಬರುತ್ತಿದೆ.

ನಾಲ್ಕು ಅಂಗುಲ. ಎಡಕ್ಕೆ. ನಾನೇ.
ಹಾಗಾದರೆ ಇಳಿದವರು ಯಾರು, ಎಂದು ಕೇಳಬೇಕೆನಿಸಿತು,
ಈ ನಾಲ್ಕು ಅಂಗುಲಕ್ಕೆ ಎಲ್ಲೋ ಯಾರೋ ಇಳಿದಿರಲೇಬೇಕಲ್ಲ.
ಕೇಳಲಿಲ್ಲ. ನಾಲಿಗೆಯ ಎಡಗಡೆಯೂ ಇನ್ನೂ ಎಳೆಯದು.

ಹೊರಗೆ ಒತಿಲಿಯಾ, ಕೋಟು ಹಿಡಿದು, ಗಡಿಯಾರ ನೋಡುತ್ತ.
ಮನೆಗೆ ನೂರ ಅರವತ್ತೆರಡು ಮೆಟ್ಟಿಲು.
ನನ್ನ ಗಾಡಿ ರಿಪೇರಿಗೆಂದು ನಿಂತು ಆರು ವರ್ಷವಾಯಿತು.
ಅದರ ಕೇಬಲ್ಲು ಮಾತ್ರ ತುಕ್ಕಿನಲ್ಲೂ ಬಿಗಿಯಾಗಿದೆ,
ಎರಡು ಖಾಲಿ ಡಬ್ಬಿಗಳ ನಡುವೆ,
ಸಡಿಲವಾಗು ಅಂತ ಹೇಳುವವರಿಲ್ಲದೆ.